ಗ್ರಾಫ್ ಬೀಳುವ ಜಾಗ

ಸ್ನೇಹಿತರೇ, ನನ್ನ ಹಳೇ ಕಾರಿಗೆ ದೊಡ್ಡ ಇಂಜೆಕ್ಟರ್ ಹಾಕಿಸಿದ್ದೇನೆ. ಪೆಟ್ರೋಲು ಈಗ ಹೆಚ್ಚು ಸುರಿಯುತ್ತದೆ ಎಂಬುದನ್ನು ಇಂಜಿನ್ನಿನ ಕಂಪ್ಯೂಟರಿಗೂ ತಿಳಿಸಬೇಕಂತೆ, ಇಲ್ಲದಿದ್ದರೆ ಇಂಜಿನ್ನೇ ಹಾಳಂತೆ. ಅದಕ್ಕೆಂದೇ ಭಟ್ಕಳದ ಮೆಕ್ಯಾನಿಕ್ ಇರ್ಫಾನ್ ಇವತ್ತು ಲ್ಯಾಪ್‌ಟಾಪ್ ಹಿಡಿದು ನನ್ನ ಪಕ್ಕ ಕೂತಿದ್ದ.

“ನಾಯ್ಕರೇ, ಹೊನ್ನಾವರದಿಂದ ಕುಮಟಾದವರೆಗೆ ಎಕ್ಸಿಲರೇಟರ್ ಒಂದೇ ಸಮ ಒತ್ತಿ. ಕಾಲು ಅಲ್ಲಾಡಿಸ್ಬೇಡಿ.”

ಒತ್ತಿದೆ. ಆದರೂ ಲ್ಯಾಪ್‌ಟಾಪಿನಲ್ಲಿ ಓಡುತ್ತಿದ್ದ ಗ್ರಾಫಿನ ಗೆರೆ ಅಲ್ಲಲ್ಲಿ ದೊಪ್ಪೆಂದು ಬಿತ್ತು. ವಾಪಸು ಬರುವಾಗಲೂ ಅದೇ ಜಾಗಗಳಲ್ಲಿ ಬಿತ್ತು.

“ಇಂಜೆಕ್ಟರಿಗೇ ಎಂತದೋ ಆಗಿದೆ. ಎಲ್ಲ ಬಿಚ್ಬೇಕು,” ಎಂದ ಇರ್ಫಾನ್.

ಹಿಂದಿನ ಸೀಟಿನಿಂದ ಹೆಂಡತಿ ಬಾಯಿ ಹಾಕಿದಳು. “ಎಂತದೂ ಬಿಚ್ಚೂದು ಬ್ಯಾಡ. ಗುಡಿ ಕಂಡಲ್ಲೆಲ್ಲ ಇವ್ರು ಎದೆ ಮುಟ್ಟಿ ನಮಸ್ಕಾರ ಮಾಡ್ತಾರಲ್ಲ, ಆಗ ಕಾಲೂ ಮೇಲೆ ಬರ್ತದೆ.”

ಇಷ್ಟು ವರ್ಷ ಕಾರು ಓಡಿಸಿದ ನನಗೇ ಇದು ಗೊತ್ತಿರಲಿಲ್ಲ!

“ಆತು, ನೀವು ಈಚೆ ಬನ್ನಿ. ನಾನೇ ಓಡಿಸ್ತೆ,” ಎಂದು ಇರ್ಫಾನ್ ಲ್ಯಾಪ್‌ಟಾಪನ್ನು ನನ್ನ ತೊಡೆಗೆ ದಾಟಿಸಿದ.

ಗುಡಿ ಬಂತು, ಗೆರೆ ನೆಟ್ಟಗಿತ್ತು. ಇನ್ನೊಂದು ಗುಡಿ ಬಂತು, ಆಗಲೂ ನೆಟ್ಟಗೇ ಇತ್ತು. ಕುಮಟಾ ಇನ್ನೇನು ಬಂತು ಅನ್ನುವಾಗ ಗೆರೆ ಪಾತಾಳಕ್ಕೆ ಇಳಿಯಿತು. ತಲೆ ಎತ್ತಿದರೆ ರಸ್ತೆ ಬದಿ ಮೀನಿನ ಬುಟ್ಟಿಗಳು, ಇರ್ಫಾನನ ಕುತ್ತಿಗೆ ಪೂರ್ತಿ ಆ ಕಡೆ.

“ಬಂಗಡೆ ಬಂದಿದ್ಯಾ ಅಂತ ನೋಡ್ದೆ, ಅಷ್ಟೇ.”

ನಾಳೆ ನನ್ನ ಹೆಂಡತಿಯೇ ಓಡಿಸಲಿ ಎಂದು ತೀರ್ಮಾನವಾಗಿದೆ. ದಾರಿಯಲ್ಲಿ ಅವಳ ತವರುಮನೆ ಬರುತ್ತದೆಂದು ಇರ್ಫಾನನಿಗೆ ನಾನಿನ್ನೂ ಹೇಳಿಲ್ಲ.