ಬಡಗಿ ಕಪ್ಪೆಗೆ ಸೊನ್ನೆ

ಸಂಜೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿ ಟೈಲರಕ್ಕ ಬೀದಿಗಿಳಿಯುತ್ತಿದ್ದಳು. ತಿರುವಿನವರೆಗೆ ಹೋದ ಮೇಲೂ ಮನಸ್ಸು ಕೇಳದಿದ್ದರೆ ವಾಪಸು ಬಂದು ಮೂರನೆಯ ಸಲ ನೋಡುವುದೂ ಇತ್ತು. ಆರು ವರ್ಷಗಳಿಂದ ಸೋಮವಾರ, ಗುರುವಾರ ಅವಳದು ಒಂದೇ ದಾರಿ, ಹಳೆಯ ಪಂಪ್‌ಹೌಸಿನ ಹಿಂದಿನ ಕೊಳಕ್ಕೆ. ದಡದಲ್ಲಿ ಹಳದಿ ಬಣ್ಣ ಬಳಿದ ಕಲ್ಲೊಂದಿದೆ. ಅದರ ಪಕ್ಕ ನಿಂತು ಎರಡು ನಿಮಿಷ ಸುಮ್ಮನಿರಬೇಕು, ಆಮೇಲೆ ಐದು ನಿಮಿಷ ಕಪ್ಪೆಗಳ ಕೂಗು ಕೇಳಬೇಕು. ಫೋನಿನಲ್ಲಿ ರೆಕಾರ್ಡ್ ಆಗುತ್ತಿರುತ್ತದೆ. ಹಾಳೆಯಲ್ಲಿ ಒಂದೊಂದು ಜಾತಿಯ ಎದುರೂ ಒಂದು ಅಂಕಿ: ಕೂಗುಗಳನ್ನು ಬಿಡಿಬಿಡಿಯಾಗಿ ಎಣಿಸಬಹುದಾದರೆ ಒಂದು, ಒಂದರ ಮೇಲೊಂದು ಬಿದ್ದರೆ ಎರಡು, ಎಣಿಸಲಾಗದ ಗದ್ದಲವಾದರೆ ಮೂರು. ಊರಿನಲ್ಲಿ ಹೀಗೆ ಕಿವಿ ಕೊಟ್ಟು ನಿಲ್ಲುವವರು ಮೂವತ್ತು ಚಿಲ್ಲರೆ ಮಂದಿ. ಎಲ್ಲರ ಹಾಳೆಗಳನ್ನೂ ಕಾಲೇಜಿನ ಮೇಡಂ ಒಬ್ಬರು ರೆಕಾರ್ಡಿಂಗ್ ಜೊತೆ ಹೋಲಿಸಿ ತಪಾಸಣೆ ಮಾಡುತ್ತಿದ್ದರು.

ಅವಳನ್ನು ಈ ಹುಚ್ಚಿಗೆ ಹಚ್ಚಿದವನು ಅಣ್ಣ. ಇಪ್ಪತ್ತೆಂಟು ವರ್ಷ ಪಂಪ್‌ಹೌಸಿನಲ್ಲಿ ದುಡಿದವನು. ಪಾಳಿ ಮುಗಿದ ಮೇಲೆ ಯಂತ್ರಗಳ ಸದ್ದು ತೊಳೆದುಹೋಗಲಿ ಎಂದು ಕೊಳದ ಬಳಿ ಕೂರುತ್ತಿದ್ದ. ಅಲ್ಲಿ ಕೂಗುವ ಕಪ್ಪೆಗಳಿಗೆಲ್ಲ ಅವನೇ ಅಡ್ಡಹೆಸರು ಇಟ್ಟಿದ್ದ. ಮರಕ್ಕೆ ಸಣ್ಣ ಮೊಳೆ ಹೊಡೆದಂತೆ ಟಕ್, ಟಕ್‌ಟಕ್ ಎನ್ನುವುದು ಬಡಗಿ. ತಂಗಿಗೆ ಮೊದಲ ದಿನವೇ ಹೇಳಿಕೊಟ್ಟಿದ್ದ: "ಕೇಳಿಸದಿದ್ರೆ ಸೊನ್ನೆ ಹಾಕು ಪುಟ್ಟಿ, ಖಾಲಿ ಬಿಡ್ಬೇಡ. ಖಾಲಿ ಬಿಟ್ರೆ ನೀನು ಹೋಗೇ ಇಲ್ಲ ಅಂತ. ಸೊನ್ನೆ ಇದ್ರೆ, ನಿಂತು ಕೇಳಿದ್ದೀಯ ಅಂತ."

ಆಮೇಲೆ ಅವನ ಕಿವಿಗಳು ಸ್ವಲ್ಪ ಸ್ವಲ್ಪವಾಗಿ ಕೈಕೊಟ್ಟವು. ಪಂಪುಗಳು ನಿಧಾನವಾಗಿ ತಿಂದುಹಾಕಿದ್ದವು ಎಂದರು ಡಾಕ್ಟರು. ಅದೇ ವರ್ಷ ಬಡಗಿಯೂ ಕೂಗುವುದನ್ನು ನಿಲ್ಲಿಸಿತು. ಆಗಿನಿಂದ ನಾಲ್ಕು ವರ್ಷ, ತಂಗಿ ಹೊಸಿಲು ದಾಟುವ ಮೊದಲೇ ಅವನು ಒಮ್ಮೆ ಗಂಟಲು ಸರಿಮಾಡಿಕೊಂಡು (ಯಾವ ಮಾತಿಗೂ ಮುಂಚೆ ಅವನಿಗೆ ಅದೊಂದು ಆಗಲೇಬೇಕು) ಕೇಳುತ್ತಿದ್ದ, "ಬಡಗಿ ಬಂದನಾ?" ಅವಳು ಬಟ್ಟೆ ಗುರುತು ಹಾಕುವ ಚಾಕಿನಿಂದ ಕತ್ತರಿಸುವ ಮೇಜಿನ ಮೇಲೆ ಸೊನ್ನೆ ಬರೆಯುತ್ತಿದ್ದಳು. ಅವನು ಅದನ್ನು ಅಂಗೈಯಿಂದ ಒರೆಸಿ ಊಟಕ್ಕೆ ತಟ್ಟೆ ಇಡುತ್ತಿದ್ದ. ಒಂದೇ ಒಂದು ದಿನ ಆ ಮೇಜಿನ ಮೇಲೆ ಬೇರೆ ಅಂಕಿ ಬರೆಯಬೇಕೆಂಬುದು ಬಿಟ್ಟರೆ ಅವಳಿಗೆ ಇನ್ನೊಂದು ಆಸೆ ಇದ್ದದ್ದು ಯಾರಿಗೂ ಗೊತ್ತಿಲ್ಲ.

ಆ ಗುರುವಾರ ಗಾಳಿ ಇರಲಿಲ್ಲ. ಆಚೆ ದಡದ ಜೊಂಡಿನ ಹಿಂದೆ ಯಾವುದೋ ಮಗು ರಚ್ಚೆ ಹಿಡಿದು ಅಳುತ್ತಿತ್ತು. ಇದೂ ರೆಕಾರ್ಡ್ ಆಗುತ್ತಲ್ಲಪ್ಪ ಎಂದು ಅವಳು ಒಳಗೊಳಗೇ ಚಡಪಡಿಸಿದಳು. ಅಳು ನಿಂತಿತು. ನಿಂತ ಮೇಲೆ ಕೇಳಿಸಿತು, ಅದೇ ಕಡೆಯಿಂದ, ಟಕ್. ಟಕ್‌ಟಕ್. ಟಕ್.

ಐದು ನಿಮಿಷ ಮುಗಿಯುವವರೆಗೂ ಉಸಿರು ಎಲ್ಲಿಟ್ಟಿದ್ದಳೋ ಅವಳಿಗೇ ಗೊತ್ತಿಲ್ಲ. ಬಡಗಿಯ ಎದುರು ಒಂದು ಎಂದು ಬರೆಯುವಾಗ ಪೆನ್ನು ಹಾಳೆ ಹರಿಯುವಷ್ಟು ಒತ್ತಿತು. ಮನೆಗೆ ಬಂದವಳು ಚಾಕಿಗೂ ಕಾಯದೆ ಅಣ್ಣನ ಅಂಗೈ ಹಿಡಿದು ಬೆರಳಿನಿಂದ ತಟ್ಟಿದಳು: ಒಂದು, ಒಂದು ಜೋಡಿ, ಮತ್ತೆ ಒಂದು. ಅವನು ಎದ್ದುಹೋಗಿ ಬೀರುವಿನಿಂದ ಒಳ್ಳೆಯ ಅಂಗಿ ತೆಗೆದು ಇಸ್ತ್ರಿ ಮಾಡತೊಡಗಿದ. ಸೋಮವಾರ ತಾನೂ ಬರುತ್ತಾನಂತೆ. ಕೇಳಿಸದಿದ್ದರೇನು, ಬಡಗಿಯಿರುವ ಕಡೆ ನಿಂತು ಬರುತ್ತೇನೆ ಎಂದ.

ಶನಿವಾರ ಬೆಳಿಗ್ಗೆ ತಪಾಸಣೆಯ ಮೇಡಂ ಫೋನ್ ಮಾಡಿದರು. ಮೊದಲು ಹವೆಯ ಮಾತು, ಆಮೇಲೆ ಆರೋಗ್ಯದ ಮಾತು. ಟೈಲರಕ್ಕ ಹೊಲಿಗೆ ನಿಲ್ಲಿಸಿದಳು. ಒಳ್ಳೆಯ ಸುದ್ದಿಯಾಗಿದ್ದರೆ ಇಷ್ಟು ಸುತ್ತುಬಳಸುವರೇ?

"ಬೇಜಾರು ಮಾಡ್ಕೋಬೇಡಿ ಅಕ್ಕ," ಎಂದರು ಮೇಡಂ. "ಆ ಕೂಗು ನಿಂತ ಮೇಲೆ ಏನು ಬರುತ್ತೆ, ಇನ್ನೊಂದ್ಸಲ ಕೇಳಿ."

ಅವಳು ಅದನ್ನು ಇಪ್ಪತ್ತು ಸಲವಾದರೂ ಕೇಳಿದ್ದಳು. ಇಪ್ಪತ್ತೊಂದನೆಯ ಸಲ ಹೆಡ್‌ಫೋನ್ ಹಾಕಿ ಕೇಳಿದಳು. ಟಕ್ ನಿಂತಿತು. ಆಮೇಲೆ ತೀರಾ ಮೆಲ್ಲಗೆ, ಯಾರೋ ಗಂಟಲು ಸರಿಮಾಡಿಕೊಂಡರು.

ಅಣ್ಣ.

ಹೊಸಬರಿಗೆ ಕಲಿಯಲೆಂದು ಕಳಿಸುವ ಮಾದರಿ ರೆಕಾರ್ಡಿಂಗ್ ಅದು, ಕಿವಿ ನೆಟ್ಟಗಿದ್ದ ಕಾಲದಲ್ಲಿ ಅಣ್ಣನೇ ಮಾಡಿದ್ದು. ಬೇರೆ ಯಾರಾದರೂ ಆ ಸದ್ದಿಗೆ ಕೂಡಲೇ ಕಿವಿ ನಿಮಿರಿಸುತ್ತಿದ್ದರು. ಅವಳಿಗೆ ಮಾತ್ರ ಅದು ಮನೆಯ ಗಡಿಯಾರದ ಹಾಗೆ, ದಿನವಿಡೀ ಇದ್ದು ಕೇಳಿಸದ ಸದ್ದು. ಕೂಗುಗಳ ನಡುವಿನ ಅಂತರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾದರಿಗೆ ಹೊಂದಿದಾಗಲೇ ಮೇಡಂಗೆ ಅನುಮಾನ ಬಂದಿತ್ತಂತೆ. ಎಣಿಕೆಗೆ ಹೊಸದಾಗಿ ಸೇರಿ ಆ ಮಾದರಿ ಪಡೆದಿದ್ದ ಔಷಧಿ ಅಂಗಡಿಯ ಹುಡುಗಿಯನ್ನು ವಿಚಾರಿಸಿದರೆ ಅವಳು ಅತ್ತೇಬಿಟ್ಟಳಂತೆ. ಕೊಳದ ಬಳಿ ರೆಕಾರ್ಡಿಂಗ್ ಹಾಕಬಾರದೆಂಬ ನಿಯಮ ಅವಳಿಗೆ ಗೊತ್ತಿತ್ತು. ಆದರೆ ತಳ್ಳುಗಾಡಿಯಲ್ಲಿದ್ದ ಅವಳ ಮಗು ಬಾಟಲಿಗೂ ಬಗ್ಗಲಿಲ್ಲ, ಗಿಲಕಿಗೂ ಬಗ್ಗಲಿಲ್ಲ. ಈ ಟಕ್‌ಟಕ್ ಹಾಕಿದರೆ ಮಾತ್ರ ಕಣ್ಣು ಮುಚ್ಚುತ್ತದೆ. ಆಚೆ ದಡದಲ್ಲಿ ಯಾರಾದರೂ ನಿಂತಿದ್ದಾರೆಂದು ಅವಳಿಗೆ ಹೇಗೆ ತಿಳಿಯಬೇಕು?

"ಹಾಳೆಯದನ್ನ ನಾನು ನೋಡ್ಕೋತೀನಿ," ಎಂದರು ಮೇಡಂ. "ಅಣ್ಣಂಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು."

ಬಾಗಿಲ ಹಿಂದಿನ ಮೊಳೆಗೆ ಆ ಅಂಗಿ ನೇತಾಡುತ್ತಿತ್ತು, ಗುಂಡಿಯನ್ನೂ ಹಾಕಿಟ್ಟದ್ದು. ಹೇಳದಿದ್ದರೆ ಅವನಿಗೆ ಗೊತ್ತಾಗುವ ದಾರಿಯೇ ಇಲ್ಲ. ಸೋಮವಾರ ಅವನ ಅಂಗೈ ತಟ್ಟಿಬಿಟ್ಟರೆ ಆಯಿತು. ಯಾವ ಮೇಡಮ್ಮೂ ಅಂಗೈ ತಪಾಸಣೆ ಮಾಡುವುದಿಲ್ಲ. ಹೀಗೆ ಯೋಚಿಸುತ್ತ ಒಂದು ತೋಳನ್ನು ಉಲ್ಟಾ ಹೊಲಿದಳು, ಬಿಚ್ಚಿದಳು, ಮತ್ತೆ ಉಲ್ಟಾ ಹೊಲಿದಳು. ಕೊನೆಗೆ ತನ್ನ ಪ್ರತಿಯ ಹಾಳೆ ತೆಗೆದು, ಹಳೆಯ ಅಂಕಿ ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸೊನ್ನೆ ಹಾಕಿ, ಕಾರಣ ಬರೆದು ಸಹಿ ಮಾಡಿದಳು. ಹಾಗೆ ತಿದ್ದಬೇಕೆಂದು ಕಲಿಸಿದವನೂ ಅವನೇ. ಅವನಿಗೆ ಸುಳ್ಳು ಅಂಕಿ ಕೊಟ್ಟು ಆ ಮನೆಯಲ್ಲಿ ಹೇಗೆ ಉಣ್ಣುವುದು? ಚಾಕು ಹಿಡಿದ ಹಾಗೆ ಚಾಕ್ ಹಿಡಿದು, ಮೇಜಿನ ಈ ತುದಿಯಿಂದ ಆ ತುದಿಯವರೆಗೆ ನಡೆದದ್ದನ್ನೆಲ್ಲ ಬರೆದಳು.

ಅಣ್ಣ ಬಗ್ಗಿ ಓದಿದ. ಎರಡು ಸಲ ಓದಿದ. ಗಂಟಲು ಸರಿಮಾಡಿಕೊಂಡವನು, ತಾನು ಮಾಡಿದ್ದೇನೆಂದು ಹೊಳೆದು ಬಾಯಿಯ ಮೇಲೆ ಕೈಯಿಟ್ಟುಕೊಂಡ.

"ನಂದೇ ಕೆಮ್ಮಾ?" ಎಂದ. "ಮಗು ಮಲಗ್ತಾ?"

ಅವಳು ಹೌದೆಂದು ತಲೆಯಾಡಿಸಿದಳು.

ಸೋಮವಾರ ಅವನು ಅಂಗಿ ತೊಟ್ಟು ಹೊರಟೇ ನಿಂತ. ಅವಳು ಬೇಡವೆನ್ನಲಿಲ್ಲ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನು ಅವನೇ ಮುಟ್ಟಿ ನೋಡಿದ. ಹಳದಿ ಕಲ್ಲಿನ ಪಕ್ಕ ನಿಂತು ಅಂಗೈ ಚಾಚಿದ. ಅವಳು ಕೇಳಿದ್ದನ್ನೆಲ್ಲ ತಟ್ಟಿದಳು: ಗೊಗ್ಗರು ದನಿಯದಕ್ಕೆ ಹೆಬ್ಬೆರಳು, ಕೀಚಲು ದನಿಯದಕ್ಕೆ ಕಿರುಬೆರಳು. ಬಡಗಿಗೆಂದು ನಡುಬೆರಳನ್ನು ಮಡಚಿ ಹಿಡಿದೇ ಇದ್ದಳು. ಐದು ನಿಮಿಷ ಮುಗಿಯಿತು. ಅವಳು ಪೆನ್ನು ತೆಗೆದಳು. ಖಾಲಿ ಬಿಟ್ಟಾಳೋ ಎಂದು ಅವನು ಭುಜದ ಮೇಲಿಂದ ಬಗ್ಗಿ ನೋಡಿದ. ಅವಳು ಸೊನ್ನೆ ಹಾಕಿದಳು.

ಅವನು ಸರಿ ಎಂಬಂತೆ ತಲೆಯಾಡಿಸಿದ. ಚಾಚಿದ ಅಂಗೈಯನ್ನು ಮಾತ್ರ ಹಾಗೇ ಹಿಡಿದಿದ್ದ.