ಪ್ರತಿ ಸ್ಪರ್ಧೆಗೂ ಒಂದು ಸಾವು

ಉಮರ್ಗಾದಲ್ಲಿ ನಮ್ಮ ಪಕ್ಕದ ಅಂಗಡಿ ಒಬ್ಬ ಬಟ್ಟೆ ವ್ಯಾಪಾರಿಯದು. ಮೊಬೈಲಿನಲ್ಲಿ ಬರುವ ಕನ್ನಡ ಕಥಾಸ್ಪರ್ಧೆಗಳಲ್ಲಿ ಅವರು ಒಂದನ್ನೂ ಬಿಡುತ್ತಿರಲಿಲ್ಲ. ವಿಷಯ ಯಾವುದೇ ಇರಲಿ, ಕಥೆಯಲ್ಲಿ ತಾಯಿ ಸಾಯಬೇಕು. 'ಮಳೆ' ಎಂದು ಕೊಟ್ಟರೆ ಆಕೆ ಹಳ್ಳದಲ್ಲಿ ಕೊಚ್ಚಿಹೋಗುತ್ತಿದ್ದಳು, 'ಪ್ರಯಾಣ' ಎಂದರೆ ತುರೋರಿಯ ಹತ್ತಿರ ಬಸ್ಸಿನಲ್ಲೇ ಪ್ರಾಣ ಬಿಡುತ್ತಿದ್ದಳು. ಸೀರೆ ಕೊಳ್ಳಲು ಬಂದ ಗಿರಾಕಿಗಳಿಗೂ ಕಥೆ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಅಳು ಬಂತೋ ಇಲ್ರೀ?" ಎಂದು ಕೇಳುತ್ತಿದ್ದರು. ಬಂತು ಎನ್ನುವವರೆಗೆ ಸೀರೆಯ ಮಡಿಕೆ ಬಿಚ್ಚುತ್ತಿರಲಿಲ್ಲ.

ಅವರ ತಾಯಿ ಗಟ್ಟಿಮುಟ್ಟಾಗಿಯೇ ಇದ್ದರು. ಮಧ್ಯಾಹ್ನ ಮಗನಿಗೆ ಬುತ್ತಿ ತರುತ್ತಿದ್ದವರೂ ಅವರೇ. ಒಮ್ಮೆ 'ಅಡುಗೆಮನೆ' ವಿಷಯದ ಕಥೆಗೆ ಬಹುಮಾನ ಬಂತು. ಮಗ ನಮಗೆಲ್ಲ ಪೇಡೆ ಹಂಚಿ ಕಥೆ ಓದತೊಡಗಿದರು. ಆಗಷ್ಟೇ ಬಂದ ತಾಯಿ ಬುತ್ತಿ ಹಿಡಿದುಕೊಂಡೇ ನಿಂತು, ಕಥೆಯಲ್ಲಿ ಒಲೆಯ ಬೆಂಕಿ ಸೆರಗಿಗೆ ಹತ್ತಿ ತಾವು ಸುಟ್ಟುಹೋಗುವವರೆಗೂ ಕೇಳಿದರು.

"ಸತ್ತಾಕಿ ನಾನೇ ಏನೋ?" ಎಂದರು ತಾಯಿ.

"ಕಥಿ ಅದ ಅವ್ವಾ. ಮೊದಲನೇ ಬಹುಮಾನ ಬಂದದ."

"ಮತ್ತ ನಾ ಖರೇನೇ ಸತ್ತಾಗ ಏನ್ ಬರೀತಿ?"

ಮಗ ನಿಜವಾಗಿಯೂ ಸ್ವಲ್ಪ ಹೊತ್ತು ಯೋಚಿಸಿದರು.

"ಆವಾಗ ವಿಷಯ ಏನ್ ಕೊಟ್ಟಿರ್ತಾರ, ನೋಡಬೇಕವ್ವಾ."