ಗ್ರೀನ್‌ಫರ್ಡಿನ ಗುಡ್ಡ ಒಣಗಿದಾಗ

ಎರಡು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಾನು ಗ್ರೀನ್‌ಫರ್ಡಿನ ನಮ್ಮ ಬೀದಿಯ ಹಿಂದಿರುವ ಗುಡ್ಡದ ನೆತ್ತಿಯಲ್ಲಿ ನಿಂತಿದ್ದೆ. ಮರದ ಬೆಂಚು ನನ್ನ ಬಲಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗಷ್ಟೇ ಹೆಂಡತಿಗೆ ಮೊಬೈಲಿನಲ್ಲಿ ಗುಡ್ಡದ ಚಿತ್ರ ಕಳಿಸಿದ್ದೆ. ಸುತ್ತಲೂ ಹುಲ್ಲು ಜೋಳದ ದಂಟಿನ ಬಣ್ಣಕ್ಕೆ ತಿರುಗಿತ್ತು. ನೆಲ ಬಿರುಕು ಬಿಟ್ಟಿತ್ತು. ಕೆಳಗೆ ಮುಳ್ಳುಬೇಲಿಯ ಹತ್ತಿರ ತೆಳ್ಳಗೆ ಹೊಗೆ ಏಳುತ್ತಿತ್ತು. ಲಂಡನ್ನಿನಲ್ಲಿ ನಿಂತು ನಾನು ನಮ್ಮೂರನ್ನು ನೋಡುತ್ತಿದ್ದೆ. ಆ ಹೊಗೆ ಕಂಡು ನನಗೆ ಸಂತೋಷವೇ ಆಯಿತು. ಅದನ್ನು ಮುಚ್ಚಿಡದೆ ಬರೆಯಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಕುಷ್ಟಗಿ ಕಡೆಯವನು. ಹೆಂಡತಿ ಶಾಂತಾಳಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು, ಅವಳ ಹಿಂದೆ ನಾನು ಬಂದೆ. ಊರಿನ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದವನು ಇಲ್ಲೊಂದು ಗೋದಾಮಿನಲ್ಲಿ ಬೆಳಗಿನ ಪಾಳಿಯಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೇನೆ. ಬಂದ ಮೊದಲ ವರ್ಷ ನನ್ನನ್ನು ಕಾಡಿದ್ದು ಚಳಿಯೂ ಅಲ್ಲ, ಊಟವೂ ಅಲ್ಲ. ಜೋಳದ ಹಿಟ್ಟು ಕಿಂಗ್ಸ್‌ಬರಿಯ ಅಂಗಡಿಯಲ್ಲಿ ಸಿಗುತ್ತದೆ. ಕಾಡಿದ್ದು ಹಸಿರು. ಎತ್ತ ತಿರುಗಿದರೂ ಹಸಿರು, ಅದರಾಚೆ ಒಂದು ಬೇಲಿ, ಬೇಲಿಯಾಚೆ ಇನ್ನೊಂದು ಹಸಿರು. ನಮ್ಮಲ್ಲಿ ಮನೆಯ ಹಿಂದೆ ನಿಂತರೆ ಮೂರು ಹರದಾರಿ ದೂರದ ಕುರಿ ಹಿಂಡು ಕಾಣುತ್ತದೆ. ಇಲ್ಲಿ ಪಕ್ಕದ ಮನೆಯವನು ಕಾಣುವುದಿಲ್ಲ. ಕಣ್ಣಿಗೆ ದೂರ ಸಿಗದೆ ನನಗೆ ತಲೆನೋವು ಬರುತ್ತಿತ್ತು. ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಕನ್ನಡಕ ಬದಲಿಸಿ ಅಂದರು.

ಎರಡು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ಐದು ವಾರ ಮಳೆ ಬರಲಿಲ್ಲ. ಊರೆಲ್ಲ ಬಿಸಿಲಿಗೆ ಗೋಳಾಡುತ್ತಿದ್ದರೆ ನಾನು ಪಾಳಿ ಮುಗಿಸಿ ದಿನಾ ಗುಡ್ಡ ಹತ್ತತೊಡಗಿದೆ. ಹಸಿರು ಹೋದ ಮೇಲೆ ಅಲ್ಲಿ ಏನೇನಿದೆ ಎಂಬುದು ಕಂಡಿತು. ಚಾಣವೊಂದು ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುತ್ತಿತ್ತು, ನಮ್ಮೂರಿನ ದನ ಮೇಯುವ ಬಯಲಾದ ಗಾಯರಾಣದ ಮೇಲೆ ನಿಲ್ಲುವ ಹಾಗೆಯೇ. ಕಾಲಿಟ್ಟಲ್ಲಿ ಮಿಡತೆ ಸಿಡಿಯುತ್ತಿದ್ದವು. ನರಿಯೊಂದು ಹಗಲಲ್ಲೇ ಬಿರುಕುಗಳನ್ನು ಮೂಸುತ್ತ ಹೋಗುತ್ತಿತ್ತು. ಇಲ್ಲಿಯ ನರಿ ಕೆಂಪು, ನಮ್ಮದು ಬೂದಿ. ನಡಿಗೆಯ ಗತ್ತು ಒಂದೇ. ಎಲ್ಲಕ್ಕಿಂತ ಹೆಚ್ಚಾಗಿ ನೆಲಗುಬ್ಬಿ ಇತ್ತು. ಇಲ್ಲಿಯವರು ಅದನ್ನು ಸ್ಕೈಲಾರ್ಕ್ ಅನ್ನುತ್ತಾರೆ. ಹುಲ್ಲಿನಿಂದೆದ್ದು ನೇರ ಮೇಲೇರಿ, ಚುಕ್ಕೆಯಷ್ಟಾಗುವ ತನಕ ಹಾಡುತ್ತಲೇ ಇರುತ್ತದೆ.

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಸದಾಶಿವ ಶೆಟ್ಟರಿದ್ದರು. ಕುಂದಾಪುರದವರು, ಹೋಟೆಲಿನಲ್ಲಿ ದೋಸೆ ಕಲ್ಲಿನ ಮುಂದೆ ಹದಿನೆಂಟು ವರ್ಷ ನಿಂತವರು. ಮಂಗಳವಾರ ಅವರಿಗೆ ರಜೆ. ನನ್ನ ಜೊತೆ ಗುಡ್ಡಕ್ಕೆ ಬರುತ್ತಿದ್ದುದು ಮುಖ್ಯವಾಗಿ ನನ್ನನ್ನು ಆಡಿಕೊಳ್ಳಲಿಕ್ಕೆ.

“ಹ್ವಾಯ್ ಮೇಷ್ಟ್ರೇ, ಈ ರಾಜಸ್ಥಾನ ಕಾಂಬುಕೆ ನೀವ್ ಲಂಡನ್ನಿಗೆ ಬಂದದ್ದಾ?”

“ನಿಮ್ಮ ಕುಂದಾಪುರದಾಗ ಆಕಾಶ ಎಲ್ಲೈತ್ರಿ? ತೆಂಗಿನ ಗರಿ ಸರಿಸಿ ನೋಡಬೇಕು,” ಎಂದು ನಾನೂ ಬಿಡುತ್ತಿರಲಿಲ್ಲ. ಕರಾವಳಿಯವರು ನಮ್ಮ ಸೀಮೆಯನ್ನು ಮರುಭೂಮಿ ಅನ್ನುತ್ತಾರೆ. ನಾವು ಬಯಲು ಅನ್ನುತ್ತೇವೆ.

ಗುಡ್ಡದ ಬುಡದಲ್ಲಿ ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆ, ತರಕಾರಿ ಬೆಳೆಯಲು ಜನರಿಗೆ ಬಾಡಿಗೆಗೆ ಕೊಡುವ ತುಂಡು ಜಮೀನುಗಳಿವೆ. ಅಲ್ಲಿ ಅವರೆಕಾಯಿಯಂಥ ಬಳ್ಳಿ ಹಬ್ಬಿಸಿಕೊಂಡು ಮೋರೀನ್ ಎಂಬ ಮುದುಕಿ ಇದ್ದಳು. ಆ ಗುಡ್ಡದಲ್ಲಿ ಉಳಿದಿರುವುದು ಒಂದೇ ಜೋಡಿ ನೆಲಗುಬ್ಬಿ, ತಾನು ಚಿಕ್ಕವಳಿದ್ದಾಗ ಎಣಿಸಲಾಗದಷ್ಟಿದ್ದವು ಎಂದು ಹೇಳಿದವಳು ಅವಳೇ. ಗೂಡು ಬೇಲಿಯಿಂದ ನಲವತ್ತು ಹೆಜ್ಜೆ ಮೇಲೆ, ನೆಲದ ಮೇಲೇ ಇತ್ತು. ದುರ್ಬೀನು ಕೊಟ್ಟು ದೂರದಿಂದ ತೋರಿಸಿದಳು. ಮೂರು ಮರಿ. ನನ್ನ ಅರೆಬರೆ ಇಂಗ್ಲಿಷಿಗೆ ನಗದೆ ಕಾಯುತ್ತ ಮಾತಾಡಿದ ಮೊದಲ ವ್ಯಕ್ತಿ ಅವಳು. ಹುಲ್ಲಿಗೆ ಜನ ನಾಯಿ ಬಿಡದಂತೆ ದಿನವೂ ತಾನೇ ಕಾಯುತ್ತಿದ್ದಳು. ಆ ಮಂಗಳವಾರ ಅವಳಿಗೆ ಜಿಪಿ ಹತ್ತಿರ ಹೋಗಬೇಕಿತ್ತು. ಮರಿಗಳು ಗೂಡು ಬಿಡಲು ಇನ್ನೆರಡು ದಿನ ಸಾಕು, ಇವತ್ತು ಮಧ್ಯಾಹ್ನ ನೀನು ನೋಡಿಕೋ ಎಂದು ಹೇಳಿ ದುರ್ಬೀನನ್ನು ನನ್ನ ಕೊರಳಿಗೆ ಹಾಕಿ ಹೋದಳು.

ಹಾಗಾಗಿ ಎರಡು ಹತ್ತಕ್ಕೆ ನಾನು ಅಲ್ಲಿದ್ದುದು ಕಾವಲಿಗೆ.

ನಮ್ಮ ಕಡೆ ರೋಹಿಣಿ ಮಳೆಗೆ ಮುಂಚೆ ಗಾಯರಾಣದ ಹಳೆ ಹುಲ್ಲನ್ನು ಸುಡುತ್ತಾರೆ, ಮಳೆ ಬಿದ್ದ ಮೇಲೆ ದನಗಳಿಗೆ ಎಳೆ ಚಿಗುರು ಬರಲಿ ಎಂದು. ಅದಕ್ಕೊಂದು ಕ್ರಮವಿದೆ. ನಾನು ಆರೇಳು ವರ್ಷದವನಿದ್ದಾಗ ಅಪ್ಪ ಕಲಿಸಿದ್ದು: “ಮೊದಲ ಹುಲ್ಲಾಗ ಅಡ್ಡ್ಯಾಡಿ ಬಾ. ಗೂಡು ಇದ್ದರ ಅಷ್ಟು ಜಾಗ ಬಿಡಬೇಕು. ಬೆಂಕಿ ಆಮ್ಯಾಲೆ.” ಗೌಜಲಹಕ್ಕಿಯ ಮೊಟ್ಟೆ ಕಂಡರೆ ಸುತ್ತ ಹುಲ್ಲು ಕಿತ್ತು ನೆಲ ಬರಿದು ಮಾಡುತ್ತಿದ್ದೆವು. ಆಮೇಲೆ ಬೆಂಕಿ ಬಡಿದು ಆರಿಸಲು ಬೇವಿನ ಹಸಿ ಟೊಂಗೆ ಹಿಡಿದು ನಾಲ್ಕು ಜನ ನಿಲ್ಲುತ್ತಿದ್ದರು. ಆದ್ದರಿಂದ ಹೊಗೆ ಕಂಡರೆ ನಮಗೆ ಭಯವಿಲ್ಲ. ಹೊಗೆಯೆಂದರೆ ಯಾರೋ ಮೊದಲೇ ನಡೆದು ನೋಡಿದ್ದಾರೆ ಎಂದೇ ಅರ್ಥ.

ಕೌನ್ಸಿಲಿನವರು ಸುಡುತ್ತಿದ್ದಾರೆ ಎಂದುಕೊಂಡೆ. ಇಷ್ಟು ಶಿಸ್ತಿನ ಊರು, ಗೂಡು ನೋಡದೆ ಬೆಂಕಿ ಇಟ್ಟಿರಲಾರರು. ನಮ್ಮಲ್ಲಿ ಗಾಳಿ ಏಳುವ ಮೊದಲು ಬೆಳಗಿನ ಜಾವ ಸುಡುತ್ತೇವೆ, ನಡುಮಧ್ಯಾಹ್ನ ಯಾರೂ ಇಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೋಡುತ್ತ ನಿಂತೆ. ವಾಸನೆ ಬಂತು. ಬಹಳ ದಿನದ ಮೇಲೆ ಮೂಗಿಗೆ ಊರು ಸಿಕ್ಕಿತ್ತು.

ಶೆಟ್ಟರು ಫ್ಲಾಸ್ಕಿನಲ್ಲಿ ಚಹಾ ಹಿಡಿದು ಮೇಲೆ ಬಂದಾಗ ಎರಡು ಹತ್ತೊಂಬತ್ತು.

“ಅದೆಂತ ಹೊಗೆ ಮೇಷ್ಟ್ರೇ?”

“ಹುಲ್ಲು ಸುಡಾಕತ್ತಾರ್ರಿ. ಹೊಸಾ ಚಿಗುರು ಬರಲಿ ಅಂತ.”

ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. “ಯಾರ್ ಸುಡುದ್ ಮಾರಾಯ್ರೆ? ಅಲ್ಲ್ ಒಂದ್ ಜನ ಇಲ್ಲೆ.”

ಇರಲಿಲ್ಲ. ಟೊಂಗೆ ಹಿಡಿದವರು ಯಾರೂ ಇರಲಿಲ್ಲ. ಶೆಟ್ಟರೇ ಫೈರ್ ಬ್ರಿಗೇಡಿಗೆ ಫೋನು ಮಾಡಿದರು. ನಾನು ಓಡಿದೆ. ದಾರಿಯಲ್ಲಿ ಯಾವುದೋ ಗಿಡದ ಹಸಿ ಟೊಂಗೆ ಮುರಿದುಕೊಂಡೆ. ತಾಯಿಹಕ್ಕಿ ಹೊಗೆಯ ಮೇಲೆ ಎರಡು ಸುತ್ತು ಹಾಕಿದ್ದನ್ನು ಕಂಡೆ. ಗೂಡಿಗೆ ಹದಿನೈದು ಹೆಜ್ಜೆ ಇರುವಾಗ ಬೆಂಕಿ ನನಗಿಂತ ಮೊದಲು ಅಲ್ಲಿ ಮುಟ್ಟಿತು. ಬಡಿದೆ. ಶೆಟ್ಟರೂ ಏದುಸಿರು ಬಿಡುತ್ತ ಬಂದು ಇನ್ನೊಂದು ಟೊಂಗೆಯಿಂದ ಬಡಿದರು. ಅಷ್ಟರಲ್ಲಿ ಬೆಂಕಿ ಆರಿಸುವವರು ಬಂದು ನಮ್ಮಿಬ್ಬರನ್ನೂ ಬೈದು ಆಚೆ ಕಳಿಸಿದರು. ಮನೆಗಳಿಗೇನೂ ಆಗಲಿಲ್ಲ. ಬೆಂಕಿ ಹೇಗೆ ಹತ್ತಿತೋ ಯಾರಿಗೂ ಗೊತ್ತಾಗಲಿಲ್ಲ.

ಎರಡು ಹತ್ತಕ್ಕೆ ಆ ಬೆಂಕಿ ಒಂದು ಕಂಬಳಿಯಷ್ಟು ಅಗಲವಿತ್ತು. ಟೊಂಗೆ ಹಿಡಿದ ಒಬ್ಬನೇ ಆರಿಸಬಹುದಾದಷ್ಟು. ಅದು ನನಗಿಂತ ಚೆನ್ನಾಗಿ ಆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಶಾಂತಾ ರಾತ್ರಿ ಪಾಳಿಗೆ ಹೊರಡುವಾಗ, “ಆ ಅಮ್ಮಗ ಖರೇ ಹೇಳ್ರಿ. ನಾಳೆ ಹೇಳ್ತೀನಿ ಅಂದ್ರ ಎಂದೂ ಹೇಳಂಗಿಲ್ಲ ನೀವು,” ಎಂದಳು. ಮರುದಿನ ಬೆಳಿಗ್ಗೆ ಕೆಲಸಕ್ಕೆ ರಜೆ ಹೇಳಿ ಹೋದೆ. ಶೆಟ್ಟರೂ ಬಂದರು. ಮೋರೀನ್ ಕಪ್ಪು ನೆಲದಲ್ಲಿ ಗೂಡಿನ ಜಾಗದ ಪಕ್ಕ ನಿಂತಿದ್ದಳು. ಅಲ್ಲಿ ಬಟ್ಟಲಿನಷ್ಟು ತಗ್ಗು ಉಳಿದಿತ್ತು. ದುರ್ಬೀನು ಕೊಟ್ಟು, ಒಂಬತ್ತು ನಿಮಿಷ ನೋಡುತ್ತ ನಿಂತಿದ್ದೆ ಎಂದೆ. ಏಕೆ ಎಂದೂ ಹೇಳಿದೆ. ಗಾಯರಾಣ, ಅಪ್ಪ, ಗೌಜಲ ಮೊಟ್ಟೆ, ಬರುವಷ್ಟು ಇಂಗ್ಲಿಷಿನಲ್ಲಿ. ಕ್ಷಮಿಸಿದೆ ಎಂದು ಅವಳು ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಕೊನೆಗೆ ಕೇಳಿದ್ದು ಒಂದೇ: ನಿಮ್ಮಪ್ಪ ನಿಜವಾಗಿ ಮೊದಲು ನಡೆದು ನೋಡುತ್ತಿದ್ದನೇ?

ಮುಂದಿನ ಬೇಸಿಗೆ ಗುಡ್ಡ ಮತ್ತೆ ಹಸಿರಾಗಿತ್ತು. ಕೌನ್ಸಿಲಿನ ಟ್ರಾಕ್ಟರ್ ಹುಲ್ಲು ಕೊಯ್ಯಲು ಬರುವ ದಿನ ಮೋರೀನ್ ಬಾಗಿಲು ತಟ್ಟಿದಳು. ಚಾಲಕನೊಡನೆ ಅವಳೇ ಮಾತಾಡಿ ಒಪ್ಪಿಸಿದ್ದಳು. ಶೆಟ್ಟರೂ ಸೇರಿ ನಾವು ಮೂವರು ಹತ್ತು ಹೆಜ್ಜೆ ಅಂತರದಲ್ಲಿ ಸಾಲಾಗಿ ಟ್ರಾಕ್ಟರಿನ ಮುಂದೆ ಹುಲ್ಲಿನಲ್ಲಿ ನಡೆದೆವು, ಅವಳು ಊರುಗೋಲು ಹಿಡಿದು. ಗೂಡೇನೂ ಸಿಗಲಿಲ್ಲ. ಈ ವರ್ಷ ನಾನೊಬ್ಬನೇ ನಡೆದೆ. ಚಾಲಕ ಈಗ ನನ್ನನ್ನು ಕಂಡರೆ ಕೇಳದೆಯೇ ಎಂಜಿನ್ ನಿಲ್ಲಿಸಿ ಕಾಯುತ್ತಾನೆ. ಊರಿಗೆ ಫೋನು ಮಾಡಿದಾಗ ಅಣ್ಣ ಹೇಳಿದ, ಅಲ್ಲೀಗ ಗಾಯರಾಣ ಸುಡುವುದೇ ಇಲ್ಲವಂತೆ. ಸೌರ ಫಲಕಗಳು ಬಂದಿವೆ. ಅಪ್ಪನ ಕ್ರಮ ಈಗ ನಡೆಯುತ್ತಿರುವುದು ಗ್ರೀನ್‌ಫರ್ಡಿನಲ್ಲಿ ಮಾತ್ರ. ಗುಡ್ಡ ಹಸಿರಾಗಿದ್ದರೆ ನನಗೆ ಇಂದಿಗೂ ಊರು ಬೇಕೆನ್ನಿಸುತ್ತದೆ. ಹಳದಿಗೆ ತಿರುಗಿದರೆ ಕೆಲಸದಿಂದ ನೇರ ಅಲ್ಲಿಗೆ ಓಡುತ್ತೇನೆ.

ಆ ಹೊಗೆಯನ್ನು ನನ್ನ ಜೊತೆ ನಿಂತು ನೋಡಿದವರು ಸದಾಶಿವ ಶೆಟ್ಟರು. ಈಗ ಹ್ಯಾರೋದಲ್ಲಿದ್ದಾರೆ, ಕೇಳಿದರೆ ಇದನ್ನೇ ಹೇಳುತ್ತಾರೆ, ಬಹುಶಃ ನನ್ನ ಮೇಲೆ ಸ್ವಲ್ಪ ಕನಿಕರ ಬೆರೆಸಿ. ಬೂದಿಯನ್ನು ನೋಡಿದ ಮೋರೀನ್ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ತಾಯಿಹಕ್ಕಿಯೂ ನೋಡಿತ್ತು. ಅದು ಬದುಕಿದೆಯೋ ಇಲ್ಲವೋ ಹೇಳಲಾರೆ. ಈ ಏಪ್ರಿಲಿನಲ್ಲಿ ಗಂಡುಹಕ್ಕಿಯೊಂದು ಬೇಲಿಯ ಮೇಲಕ್ಕೆ ಎದ್ದು ಹಾಡಿದ್ದನ್ನು ಮಾತ್ರ ನಾನು ಕಂಡಿದ್ದೇನೆ.